ಚೊಚ್ಚಲ ಕಾದಂಬರಿಗೆ ಚಾಮರಾಜಪೇಟೆಯ ಮುದ್ರಣಾಲಯ: ಕರಡು ತಿದ್ದುವಿಕೆಗೆ ಪೂರ್ಣ ಅಂಕ, ಕಾಲಕ್ಕೆ ಅರ್ಧ

ನನ್ನ ಮೊದಲ ಕಾದಂಬರಿ ನವೆಂಬರ್ ತಿಂಗಳ ಕೊನೆಯ ಭಾನುವಾರ ಬಿಡುಗಡೆಯಾಗಲಿದೆ. ಪ್ರಕಾಶಕರ ಉತ್ತರಕ್ಕಾಗಿ ಕಾಯುವುದನ್ನು ಬಿಟ್ಟು ನಾನೇ ಪ್ರಕಟಿಸುವುದೆಂದು ತೀರ್ಮಾನಿಸಿದ್ದರಿಂದ, ಪುಟವಿನ್ಯಾಸದಿಂದ ಬೈಂಡಿಂಗ್‌ವರೆಗಿನ ಅಷ್ಟೂ ಕೆಲಸವನ್ನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯಕ್ಕೆ ಒಪ್ಪಿಸಿದ್ದೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಅಕ್ಷರದ ಮಾತು. ನಾನು ಬೆರಳಚ್ಚು ಮಾಡಿದ್ದು ಯೂನಿಕೋಡ್‌ನಲ್ಲಿ. ಅವರ ಪುಟವಿನ್ಯಾಸ ನಡೆಯುವುದು ಇಂದಿಗೂ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ. ನಡುವೆ ಪರಿವರ್ತನೆ ಮಾಡಲೇಬೇಕು, ಮಾಡಿದಾಗ ಏನಾದರೂ ಕೆಡಲೇಬೇಕು. ನನ್ನ ಕಥಾನಾಯಕ ಪೋಸ್ಟ್‌ಮ್ಯಾನ್. ಅರ್ಧಾಕ್ಷರವನ್ನು ಬಿಡಿಸಿಡುವ, ಕಣ್ಣಿಗೆ ಕಾಣದ ಚಿಹ್ನೆ ಪರಿವರ್ತನೆಯಲ್ಲಿ ಬಿದ್ದುಹೋಗಿ, ಮೊದಲ ಕರಡಿನ ತುಂಬ ಆತ ‘ಪೋಸ್ಟ್ಮ್ಯಾನ್’ ಆಗಿದ್ದ: ಸಕಾರದ ಕೆಳಗೆ ಒತ್ತುಗಳು ಒಂದರ ಮೇಲೊಂದು ಹತ್ತಿ ಕುಳಿತು, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದವು. ‘ರ‍್ಯಾಲಿ’ಯ ರಕಾರ ಅರ್ಕಾವತ್ತಾಗಿ ತಿರುಗಿತ್ತು. ಪುಟ ಕಟ್ಟುವ ಹುಡುಗ ಇದರಿಂದ ಸ್ವಲ್ಪವೂ ಗಾಬರಿಯಾಗದೆ, ಇಂಥ ಪದಗಳ ಪಟ್ಟಿಯೊಂದನ್ನು ಹಾಳೆಯ ಮೇಲೆ ಬರೆದುಕೊಂಡು, ಒಂದೊಂದನ್ನೂ ಹುಡುಕಿ ಸರಿಪಡಿಸಿದ. ಎರಡನೆಯ ಕರಡಿನಲ್ಲಿ ಅಂಥ ತಪ್ಪು ನನಗೆ ಒಂದೂ ಸಿಗಲಿಲ್ಲ.

ಅಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದಾರೆ. ಅವರಿಗಾಗಿಯೇ ಈ ಮುದ್ರಣಾಲಯಕ್ಕೆ ಹೋಗಬಹುದು. ಅಲ್ಪಪ್ರಾಣ, ಮಹಾಪ್ರಾಣಗಳನ್ನು ತಿದ್ದುವುದಷ್ಟೇ ಅವರ ಕೆಲಸವಾಗಿದ್ದರೂ, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಅವರು ಹೀಗೊಂದು ಪ್ರಶ್ನೆ ಬರೆದಿದ್ದರು: ‘ಈಕೆ 31ನೇ ಪುಟದಲ್ಲಿ ಅತ್ತಿಗೆ, 140ರಲ್ಲಿ ನಾದಿನಿ. ಯಾವುದು ಸರಿ?’ ಹಸ್ತಪ್ರತಿಯನ್ನು ಓದಿದ ನನ್ನ ನಾಲ್ವರು ಗೆಳತಿಯರಿಗೂ, ಆರು ಸಲ ತಿದ್ದಿ ಬರೆದ ನನಗೂ ಕಾಣದಿದ್ದದ್ದು ಅದು.

ಪುಟಗಳ ಲೆಕ್ಕದಲ್ಲಿಯೂ ಮುದ್ರಣಾಲಯದವರ ಅನುಭವ ನೆರವಾಯಿತು. ಡೆಮಿ 1/8 ಆಕಾರದಲ್ಲಿ 16 ಪುಟಗಳಿಗೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ಹಾಳೆ. ನನ್ನ ಪುಸ್ತಕ 212 ಪುಟಕ್ಕೆ ಬಂದು ನಿಂತಿತ್ತು, ಅಂದರೆ 13 ಫಾರಂ ಮುಗಿದು ನಾಲ್ಕು ಪುಟ ಹೆಚ್ಚು. ‘ನಾಲ್ಕು ಪುಟಕ್ಕೆ ಇನ್ನೊಂದು ಪ್ಲೇಟ್ ಯಾಕೆ ಮೇಡಂ, ಲೇಖಕಿಯ ಮಾತನ್ನ ಸ್ವಲ್ಪ ಇಳಿಸಿ’ ಎಂದರು ಮಾಲೀಕರು. ಏಳು ಪುಟಗಳಷ್ಟಿದ್ದ ನನ್ನ ಕೃತಜ್ಞತೆ ಮೂರು ಪುಟಗಳಿಗೆ ಇಳಿಯಿತು. ಪುಸ್ತಕಕ್ಕೆ ಅದರಿಂದ ಒಳ್ಳೆಯದೇ ಆಯಿತು. ಒಳಪುಟಗಳಿಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಆಫ್‌ಸೆಟ್‌ನಲ್ಲಿ 500 ಪ್ರತಿಗಳು, ಪ್ರತಿಯೊಂದಕ್ಕೆ 82 ರೂಪಾಯಿ. ನೂರು ಪ್ರತಿ ಸಾಕೆನ್ನುವವರು ಡಿಜಿಟಲ್ ಮುದ್ರಣವನ್ನೇ ನೋಡುವುದು ಲೇಸು.

ಇನ್ನು ದೂರುಗಳು. ರಾಜ್ಯೋತ್ಸವಕ್ಕೆ ಮುಂಚೆ ಕೊಡುತ್ತೇವೆಂದು ಒಪ್ಪಿ ಮುಂಗಡ ಪಡೆದವರು ಪುಸ್ತಕ ಕೊಟ್ಟದ್ದು ನವೆಂಬರ್ ಮೂರನೆಯ ವಾರದಲ್ಲಿ. ನಾನು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸಭಾಂಗಣವನ್ನು ಕಾದಿರಿಸಿ, ಆಹ್ವಾನ ಪತ್ರಿಕೆಯನ್ನು ಹಂಚಿ, ಪುಸ್ತಕವೇ ಇಲ್ಲದೆ ಬಿಡುಗಡೆ ಮಾಡುವುದು ಹೇಗೆಂದು ನಿದ್ದೆಗೆಟ್ಟದ್ದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಹೊಸ ವರ್ಷದ ಕ್ಯಾಲೆಂಡರ್, ಡೈರಿಗಳ ಕೆಲಸ ಬಂದೊಡನೆ ಬೈಂಡಿಂಗ್ ವಿಭಾಗದಲ್ಲಿ ಕಾದಂಬರಿ ಹಿಂದೆ ಸರಿಯುತ್ತದೆ. ಕಾರಣ ನಿಜವೇ, ಆದರೆ ಅದನ್ನು ಸೆಪ್ಟೆಂಬರ್‌ನಲ್ಲೇ ಹೇಳಬಹುದಿತ್ತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ತರಿಸಿಕೊಡಲು ಪ್ರತ್ಯೇಕ ಶುಲ್ಕ ಕೇಳಿದ್ದು ನನಗೆ ಸರಿಬರಲಿಲ್ಲ. ಆ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಲೇಖಕರು ತಾವೇ ಅರ್ಜಿ ಹಾಕಬಹುದು, ನಾನು ಹಾಕಿದೆ. ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂಬ 1954ರ ಕಾಯ್ದೆಯನ್ನು ನೆನಪಿಸಿದವರೂ ಮಾಲೀಕರಲ್ಲ, ಕರಡಿನ ಹಿರಿಯರು.

ಅವಸರದ ಫಲ ಪ್ರತಿಗಳ ಮೇಲೆಯೂ ಕಾಣುತ್ತದೆ. ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ಪ್ಲಾಸ್ಟಿಕ್ ಪದರ) ಹೊರಮೈಗೆ ಮಾತ್ರ ಇರುವುದರಿಂದ, ಈ ಮೋಡದ ಹವೆಯಲ್ಲಿ ಒಳಮೈ ತೇವ ಹೀರಿ ರಕ್ಷಾಪುಟ ಬಾಳೆಲೆಯ ತುದಿಯಂತೆ ಸುರುಳುತ್ತದೆ. ಕಟ್ಟುಗಳನ್ನು ಎರಡು ದಿನ ಭಾರದಡಿ ಇಟ್ಟು ಕಳಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಸದ್ಯಕ್ಕೆ ವೇದಿಕೆಗೆ ಬೇಕಾದ ಹತ್ತು ಪ್ರತಿಗಳು ನಮ್ಮ ಅಡುಗೆಮನೆಯಲ್ಲಿ ಮಣೆಯ ಕೆಳಗಿವೆ, ಮಣೆಯ ಮೇಲೆ ರುಬ್ಬುವ ಗುಂಡುಕಲ್ಲಿದೆ. ಎರಡನೆಯ ಕಾದಂಬರಿ ಬರೆದರೆ ಮತ್ತೆ ಅಲ್ಲಿಗೇ ಕೊಡುತ್ತೇನೆ, ಆದರೆ ಫೆಬ್ರುವರಿಯಲ್ಲಿ.