ಆಪ್ಷನ್ಸ್ ಕಲಿಸ್ತೀವಿ ಅಂತ ಬರೋರಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ದಯವಿಟ್ಟು ಪೂರ್ತಿ ಓದಿ. ಶೇರು ಮಾರ್ಕೆಟಲ್ಲಿ ಇಂಟ್ರಾಡೇ (ಅವತ್ತೇ ತಗೊಂಡು ಅವತ್ತೇ ಮಾರೋದು), ಆಪ್ಷನ್ಸ್ (ಬೆಲೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಕಟ್ಟೋ ಕರಾರು) ಅಂತ ಹೊಸದಾಗಿ ಇಳಿಯೋಕೆ ಹೊರಟಿರೋರು, ಅದಕ್ಕೆ ಕಲಿಸಿಕೊಡೋರು ಯಾರಾದ್ರೂ ಬೇಕು ಅಂತ ಹುಡುಕ್ತಾ ಇರೋರು ಖಂಡಿತ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಸಿಟ್ಟಿಗೆ ಕೈನೂ ನಡುಗ್ತಿದೆ. ನಾನು ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರೋನು. ಕೋರ್ಸ್ ಫೀಸು ಅಂತ ಹೋಗಿದ್ದು 29,500 ರೂಪಾಯಿ. ಕೋರ್ಸ್ ನಡೆಸೋ ಮನುಷ್ಯ ತನ್ನ ಮೊಬೈಲ್ ಗ್ರೂಪಲ್ಲಿ ಹೇಳಿದ ಹಾಗೆ ಟ್ರೇಡ್ ಮಾಡಿ ಹೋಗಿದ್ದು 2 ಲಕ್ಷದ 60 ಸಾವಿರ ಚಿಲ್ಲರೆ. ಅದರಲ್ಲಿ ಔಷಧಿ ಡಿಸ್ಟ್ರಿಬ್ಯೂಟರ್‌ಗೆ ಕಟ್ಟಬೇಕಾದ ದುಡ್ಡೂ ಇತ್ತು. ಬಾಕಿ ಕೇಳೋಕೆ ಅವರು ಮನೆಗೆ ಫೋನ್ ಮಾಡಿದಾಗಲೇ ಹೆಂಡತಿಗೆ ವಿಷಯ ಗೊತ್ತಾಗಿದ್ದು.

ಹೆಸರು ಹಾಕ್ತಾ ಇಲ್ಲ. ದೂರು ಕೊಟ್ಟಿದ್ದೀನಿ, ಸದ್ಯಕ್ಕೆ ಹೆಸರು ಬೇಡ ಅಂತ ವಕೀಲರು ಹೇಳಿದ್ದಾರೆ. ಆದರೆ ಇದೇ ಆಟ ಆಡೋರು ಊರೂರಲ್ಲಿ ಇದ್ದಾರೆ, ಓದ್ತಾ ಹೋದ ಹಾಗೆ ನಿಮ್ಮೂರಿನ ಯಾವನೋ ಒಬ್ಬ ನೆನಪಾಗಬಹುದು.

ಶುರು ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. 99 ರೂಪಾಯಿ ಸೆಮಿನಾರ್, ಭಾನುವಾರ ಬೆಳಗ್ಗೆ, ಹೋಟೆಲ್ ಹಾಲ್, ಟೀ ಬಿಸ್ಕತ್ತು. ಪರದೆ ಮೇಲೆ ಹಸಿರು ಬಣ್ಣದ ಪಿ ಅಂಡ್ ಎಲ್, ಅಂದರೆ ಲಾಭ ನಷ್ಟದ ಲೆಕ್ಕ. ಟೇಬಲ್ ಮೇಲೆ ಫ್ರೇಮ್ ಹಾಕಿಸಿದ ಎನ್‌ಐಎಸ್‌ಎಂ (ಶೇರು ಮಾರ್ಕೆಟ್ ಪರೀಕ್ಷೆ ನಡೆಸೋ ಸಂಸ್ಥೆ) ಸರ್ಟಿಫಿಕೇಟ್. ನಾನೇನೂ ಕೇಳದೆ ಕೂತಿರಲಿಲ್ಲ. ಎದ್ದು ನಿಂತು ಕೇಳಿದೆ (ಎಫ್ ಅಂಡ್ ಓ ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಸೆಬಿ ಅಂದರೆ ಶೇರು ಮಾರ್ಕೆಟ್ ನಿಯಂತ್ರಣ ಮಾಡೋ ಸರ್ಕಾರಿ ಸಂಸ್ಥೆ): "ಸರ್, ಎಫ್ ಅಂಡ್ ಓನಲ್ಲಿ ನೂರಕ್ಕೆ 93 ಜನ ದುಡ್ಡು ಕಳ್ಕೊಂಡಿದ್ದಾರೆ ಅಂತ ಸೆಬಿನೇ ಹೇಳಿದೆಯಲ್ಲ, ಅದಕ್ಕೇನಂತೀರಿ?"

ಒಂದು ಕ್ಷಣವೂ ತಡವರಿಸಲಿಲ್ಲ. "ಕರೆಕ್ಟ್ ಸರ್. ಆ 93 ಜನ ಕಲೀದೇ ಬಂದೋರು. ನಿಮ್ಮನ್ನ ಉಳಿದ ಏಳು ಜನದೊಳಗೆ ಕೂರಿಸೋಕೇ ನಾನಿಲ್ಲಿ ನಿಂತಿರೋದು." ಇಡೀ ಹಾಲ್ ಚಪ್ಪಾಳೆ. ಕೇಳಿದ ನಾನೇ ಪೆಚ್ಚಾಗಿ ಕೂತುಕೊಂಡೆ.

ಈಗ ಆ ವರದಿನ ಕೂತು ಓದಿದ್ದೀನಿ, ನೀವೂ ಓದಿ. 2024ರ ಸೆಪ್ಟೆಂಬರ್‌ನಲ್ಲಿ ಬಂದಿದ್ದು. 2021-22ರಿಂದ 2023-24ರವರೆಗೆ ಮೂರು ವರ್ಷದ ಲೆಕ್ಕ. ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನ, ಅವರಲ್ಲಿ 93% ನಷ್ಟ, ಸರಾಸರಿ ತಲಾ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿ ಮೀರಿದ ನಷ್ಟ. ಹಾಗಾದ್ರೆ ದುಡ್ಡು ಮಾಡಿದೋರು ಯಾರು? ಅದೂ ಅದರಲ್ಲೇ ಇದೆ. 2023-24ರಲ್ಲಿ ಖರ್ಚು ಕಳೆಯೋ ಮುಂಚೆ ಪ್ರಾಪ್ ಟ್ರೇಡರ್‌ಗಳಿಗೆ (ತಮ್ಮದೇ ದುಡ್ಡಲ್ಲಿ ಟ್ರೇಡ್ ಮಾಡೋ ಸಂಸ್ಥೆಗಳು) ಸುಮಾರು 33 ಸಾವಿರ ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ಸುಮಾರು 28 ಸಾವಿರ ಕೋಟಿ ಲಾಭ, ಅದರಲ್ಲಿ ಬಹುಪಾಲು ಆಲ್ಗೋ, ಅಂದರೆ ಕಂಪ್ಯೂಟರ್ ತಾನೇ ಮಾಡೋ ಟ್ರೇಡಿಂಗ್‌ನಿಂದ. ನಾವು ಮಾತ್ರೆ ಎಣಿಸಿ ಕೊಡ್ತಾ ಮಧ್ಯೆ ಮಧ್ಯೆ ಮೊಬೈಲ್ ನೋಡೋರು, ಎದುರಿಗಿರೋದು ಕಂಪ್ಯೂಟರ್. 2024-25ರ ಲೆಕ್ಕದಲ್ಲೂ 91% ಜನಕ್ಕೆ ನಷ್ಟ, ಒಟ್ಟು 1.05 ಲಕ್ಷ ಕೋಟಿ ಮೀರಿದೆ. ಹೋಟೆಲ್ ಹಾಲಲ್ಲಿ ಕಲಿಸೋ ಮೂರು ಇಂಡಿಕೇಟರ್‌ಗಳಿಂದ (ಬೆಲೆ ಎತ್ತ ಹೋಗುತ್ತೆ ಅಂತ ಊಹಿಸೋ ಗ್ರಾಫ್ ಸೂತ್ರಗಳು) ಇದು ತಿರುಗುತ್ತಾ?

ಫೀಸು 25,000, ಅದರ ಮೇಲೆ ಜಿಎಸ್‌ಟಿ 18% ಅಂತ 4,500. ಯುಪಿಐ ಮಾಡಿದ್ದು ಬೇರೆ ಯಾರದೋ ಹೆಸರಿನ ಖಾತೆಗೆ. ರಸೀದಿಯಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ಇನ್ನೊಂದು ಷರತ್ತು, ಡಿಮ್ಯಾಟ್ ಖಾತೆ ಅವರು ಕಳಿಸಿದ ಲಿಂಕಿಂದಲೇ ತೆಗೀಬೇಕು. ನನಗೆ ಆಗಲೇ ಒಂದು ಖಾತೆ ಇತ್ತು, ಬೇಡ ಅಂದರು. "ನಮ್ಮ ಸಾಫ್ಟ್‌ವೇರ್ ಇದರ ಜೊತೆ ಮಾತ್ರ ಕೆಲಸ ಮಾಡೋದು ಸರ್." ಆ ಲಿಂಕ್ ಯಾಕೆ ಅಂತ ಆಮೇಲೆ ಗೊತ್ತಾಯ್ತು. ನಾವು ಕಟ್ಟೋ ಬ್ರೋಕರೇಜ್‌ನಲ್ಲಿ ಅವನಿಗೆ ಪಾಲು. ನಾವು ಗೆದ್ದರೂ ಪಾಲು, ಸೋತರೂ ಪಾಲು. ನಾವು ದಿನಕ್ಕೆ ಎಷ್ಟು ಸಲ ಬಟನ್ ಒತ್ತುತ್ತೀವೋ ಅಷ್ಟು ಅವನಿಗೆ ಒಳ್ಳೇದು. ಇದೊಂದನ್ನ ಮನಸ್ಸಲ್ಲಿ ಇಟ್ಕೊಂಡ್ರೆ ಉಳಿದಿದ್ದೆಲ್ಲ ಅರ್ಥ ಆಗುತ್ತೆ.

ಖರ್ಚಿನ ಲೆಕ್ಕ ಸೆಮಿನಾರ್‌ನಲ್ಲಿ ಯಾರೂ ಹೇಳಲ್ಲ, ಅದಕ್ಕೇ ನಾನು ಹೇಳ್ತೀನಿ. ಆಗ ನಿಫ್ಟಿ (50 ದೊಡ್ಡ ಕಂಪನಿಗಳ ಶೇರು ಸೂಚ್ಯಂಕ) ಆಪ್ಷನ್‌ನ ಒಂದು ಲಾಟ್, ಅಂದರೆ ಒಂದು ಕಟ್ಟು, 75. 20 ರೂಪಾಯಿ ಪ್ರೀಮಿಯಂಗೆ (ಆಪ್ಷನ್‌ನ ಬೆಲೆ) ತಗೊಂಡ್ರೆ 1,500 ರೂಪಾಯಿ. 22ಕ್ಕೆ ಮಾರಿದ್ರೆ 150 ಲಾಭ ಅಂತ ಆ್ಯಪ್ ಹಸಿರು ತೋರಿಸುತ್ತೆ. ತಗೊಳ್ಳೋಕೆ 20, ಮಾರೋಕೆ 20 ಬ್ರೋಕರೇಜ್, ಅದಕ್ಕೆ ಜಿಎಸ್‌ಟಿ, ಎಸ್‌ಟಿಟಿ ಅನ್ನೋ ಶೇರು ವಹಿವಾಟಿನ ತೆರಿಗೆ, ಎಕ್ಸ್‌ಚೇಂಜ್ ಚಾರ್ಜು ಎಲ್ಲ ಸೇರಿ ಹತ್ತಿರ ಹತ್ತಿರ 50 ಹೋಯ್ತು. ಲಾಭದ ಮೂರನೇ ಒಂದು ಭಾಗ! ನಷ್ಟ ಆದ ದಿನವೂ ಈ 50 ಹೋಗುತ್ತೆ. ದಿನಕ್ಕೆ ಹತ್ತು ಸಲ ಹೀಗೆ ಮಾಡಿಸೋರು. ಸಂಜೆ ಖರ್ಚೆಲ್ಲ ಬರೆದಿರೋ ಕಾಂಟ್ರ್ಯಾಕ್ಟ್ ನೋಟ್ ಇಮೇಲ್‌ಗೆ ಬರುತ್ತೆ, ಅದನ್ನ ತೆಗೆದು ನೋಡಿ ಅಂತ ಇಡೀ ಕೋರ್ಸಲ್ಲಿ ಒಂದು ಸಲವೂ ಹೇಳಲಿಲ್ಲ.

ಇನ್ನು ಎಕ್ಸ್‌ಪೈರಿ ದಿನದ (ಆಪ್ಷನ್ ಅವಧಿ ಮುಗಿಯೋ ದಿನ) "ಹೀರೋ ಜೀರೋ" ಕಾಲ್, ಅಂದರೆ ಬಂದರೆ ಭಾರೀ, ಇಲ್ಲಾಂದ್ರೆ ಸೊನ್ನೆ ಅನ್ನೋ ಟಿಪ್ಸ್. ಆಗ ನಿಫ್ಟಿ ಎಕ್ಸ್‌ಪೈರಿ ಗುರುವಾರ ಇತ್ತು, 2025ರ ಸೆಪ್ಟೆಂಬರ್‌ನಿಂದ ಮಂಗಳವಾರ ಆಗಿದೆ. ಮಧ್ಯಾಹ್ನದ ಮೇಲೆ 5 ರೂಪಾಯಿ, 8 ರೂಪಾಯಿ ಪ್ರೀಮಿಯಂನ ಸ್ಟ್ರೈಕ್ (ಕರಾರಲ್ಲಿ ಗೊತ್ತು ಮಾಡಿದ ನಿಫ್ಟಿ ಮಟ್ಟ) ಹೇಳೋರು. ಮಾರ್ಕೆಟ್ ಸುಮ್ಮನೆ ನಿಂತರೂ ಸಾಕು, ಪ್ರೀಮಿಯಂ ಬಿಸಿಲಿಗಿಟ್ಟ ಕರ್ಪೂರದ ಹಾಗೆ ಕರಗಿ ಹೋಗುತ್ತೆ. ಅವರು ಹೇಳಿದ ಹಾಗೇ ನಿಫ್ಟಿ ಸ್ವಲ್ಪ ಏರಿದ ದಿನ ಕೂಡ ನನ್ನ ಕಾಲ್ ಆಪ್ಷನ್ (ಏರುತ್ತೆ ಅಂತ ತಗೊಳ್ಳೋದು) ಬೆಲೆ ಇಳಿದಿತ್ತು. ಯಾಕೆ ಸರ್ ಅಂತ ಕೇಳಿದರೆ "ಥೀಟಾ ಸರ್, ಅಡ್ವಾನ್ಸ್ಡ್ ಮಾಡ್ಯೂಲಲ್ಲಿ ಬರುತ್ತೆ" ಅಂದರು. ಥೀಟಾ ಅಂದರೆ ಹೊತ್ತು ಕಳೆದ ಹಾಗೆ ಪ್ರೀಮಿಯಂ ಕರಗೋದು. ಆ ಮಾಡ್ಯೂಲ್‌ಗೆ ಇನ್ನೂ 40,000 ಅಂತೆ. ಮೊದಲನೇ ದಿನವೇ ಹೇಳಬೇಕಾದ ವಿಷಯಕ್ಕೆ ಬೇರೆ ಫೀಸು!

ಇಷ್ಟಾದರೂ ನನಗೆ ಅನುಮಾನ ಬಂದಿರಲಿಲ್ಲ. ಯಾಕಂದ್ರೆ ನಡುನಡುವೆ ಗೆಲ್ತಿದ್ದೆ. ಒಂದು ಗುರುವಾರ ಹೋದರೆ ಮುಂದಿನ ಗುರುವಾರ ಸ್ವಲ್ಪ ಬರೋದು.

ಆಮೇಲೆ ಆಗಿದ್ದು ಕೇಳಿ. ರಾಣೆಬೆನ್ನೂರಲ್ಲಿ ಹೆಂಡತಿ ಕಡೆ ಸಂಬಂಧಿಕರ ಮನೆ ಗೃಹಪ್ರವೇಶ. ಅವತ್ತೂ ಗುರುವಾರ. ನಾನೂ ನನ್ನ ಭಾವಮೈದುನನೂ ಅಕ್ಕಪಕ್ಕ ಕೂತು ಉಪ್ಪಿಟ್ಟು ತಿಂತಾ ಇದ್ವಿ. ಹತ್ತೂ ಕಾಲಿನ ಹೊತ್ತು. ಇಬ್ಬರ ಮೊಬೈಲೂ ಒಟ್ಟಿಗೇ ಕುಂಯ್ ಅಂತು. ಇಬ್ಬರೂ ಒಟ್ಟಿಗೇ ಜೇಬಿಗೆ ಕೈ ಹಾಕಿದ್ವಿ. ಅವನೂ ಇದೇ ಮನುಷ್ಯನ ಹತ್ತಿರ ಸೇರಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ, ನಾನು ಸೇರಿದ್ದು ಅವನಿಗೂ ಗೊತ್ತಿರಲಿಲ್ಲ. ಅವನು ಹುಬ್ಬಳ್ಳಿ ಬ್ಯಾಚಂತೆ. (ಸಿಇ ಅಂದರೆ ಕಾಲ್, ಏರುತ್ತೆ ಅಂತ ತಗೊಳ್ಳೋದು; ಪಿಇ ಅಂದರೆ ಪುಟ್, ಇಳಿಯುತ್ತೆ ಅಂತ ತಗೊಳ್ಳೋದು.)

"ನಿಮ್ದೂ ಅವ್ರ ಗ್ರೂಪೇ ಏನ್ರೀ ಭಾವ? ನೋಡ್ರಿ, ಪಿಇ ತಗೊಳ್ರಿ ಅಂದಾರ."

ನಾನು ಅಂದೆ, "ಪಿಇ ಅಲ್ಲಪ್ಪ, ಸಿಇ. ಸರಿಯಾಗಿ ಓದು."

"ಇಲ್ರೀ ಭಾವ, ಪಿಇ ಅಂತ ಐತಿ, ನೀವೇ ನೋಡ್ರಿ."

ಎರಡೂ ಮೊಬೈಲ್ ಪಕ್ಕ ಪಕ್ಕ ಇಟ್ಟು ನೋಡಿದ್ವಿ. ನನ್ನ ಗ್ರೂಪಲ್ಲಿ ನಿಫ್ಟಿ 24,800 ಸಿಇ, 22ರ ಹತ್ತಿರ ತಗೊಳ್ಳಿ, ಸ್ಟಾಪ್‌ಲಾಸ್ (ಇಷ್ಟಕ್ಕಿಳಿದರೆ ಮಾರಿಬಿಡಿ ಅನ್ನೋ ಬೆಲೆ) 10, ಟಾರ್ಗೆಟ್ 45, 60. ಅವನ ಗ್ರೂಪಲ್ಲಿ ನಿಫ್ಟಿ 24,700 ಪಿಇ, 21ರ ಹತ್ತಿರ ತಗೊಳ್ಳಿ, ಸ್ಟಾಪ್‌ಲಾಸ್ 10, ಟಾರ್ಗೆಟ್ 45, 60. ಅದೇ ಹೊತ್ತು, ಅದೇ ಅಡ್ಮಿನ್, ಕೊನೆಗೆ ಅದೇ ರಾಕೆಟ್ ಚಿತ್ರ. ಒಬ್ಬರಿಗೆ ಏರುತ್ತೆ ಅಂತ, ಇನ್ನೊಬ್ಬರಿಗೆ ಇಳಿಯುತ್ತೆ ಅಂತ. ಒಂದೇ ನಿಮಿಷದಲ್ಲಿ!

ಇಬ್ಬರಿಗೂ ಮಾತೇ ಹೊರಡಲಿಲ್ಲ. ಸುತ್ತ ನೆಂಟರು, ಏನಾಯ್ತು ಅಂತ ಕೇಳೋರು, ಏನು ಅಂತ ಹೇಳೋದು? ಎದ್ದು ಮಹಡಿ ಮೇಲೆ ಹೋಗಿ ಇಬ್ಬರ ಟ್ರೇಡ್‌ಬುಕ್ಕೂ (ಮಾಡಿದ ಟ್ರೇಡ್‌ಗಳ ಪಟ್ಟಿ) ತೆಗೆದ್ವಿ. ಗ್ರೂಪಲ್ಲಿ ಹಳೇ ಮೆಸೇಜ್‌ಗಳನ್ನ ಅವರು ಅಳಿಸಿರ್ತಾರೆ, ಬ್ರೋಕರ್ ಹತ್ತಿರ ಇರೋ ಟ್ರೇಡ್‌ಬುಕ್ ಅಳಿಸೋಕೆ ಅವರಿಂದ ಆಗಲ್ಲ. ಹಿಂದಕ್ಕೆ ಹಿಂದಕ್ಕೆ ಹೋದ್ವಿ. ನಾನು ಗೆದ್ದ ಗುರುವಾರ ಅವನು ಸೋತಿದ್ದಾನೆ. ಅವನು ಗೆದ್ದ ಗುರುವಾರ ನಾನು ಸೋತಿದ್ದೀನಿ. ಮಾರ್ಕೆಟ್ ಯಾವ ಕಡೆಗೆ ಜೋರಾಗಿ ಹೋದರೂ ಒಂದು ಗ್ರೂಪು ಗೆಲ್ಲುತ್ತಲ್ಲ, ಆ ಗ್ರೂಪಿನ ಸ್ಕ್ರೀನ್‌ಶಾಟ್ ತಗೊಂಡು ಮುಂದಿನ ಸೆಮಿನಾರ್‌ನ ಪರದೆ ಮೇಲೆ ಹಾಕ್ತಾರೆ. ನಾನು ಗೆದ್ದಾಗ ಕಳಿಸಿದ ಸ್ಕ್ರೀನ್‌ಶಾಟೂ ಎಲ್ಲೋ ಯಾರಿಗೋ ತೋರಿಸಿರ್ತಾರೆ ಅನ್ನೋದು ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ನನ್ನ ಹೆಸರಲ್ಲಿ ಇನ್ನೊಬ್ಬರಿಗೆ ಮೋಸ.

ಅವತ್ತು ಮಾರ್ಕೆಟ್ ಇಳೀತು. ಸಂಜೆ ನೋಡಿದರೆ ನನ್ನ ಗ್ರೂಪಲ್ಲಿ ಬೆಳಗಿನ ಸಿಇ ಮೆಸೇಜೇ ಇಲ್ಲ! ಅದರ ಬದಲು ಪಿಇ ಗ್ರೂಪಿನವರ ಲಾಭದ ಚಿತ್ರ, ಕೆಳಗೆ "ಕಂಗ್ರಾಟ್ಸ್ ಫ್ಯಾಮಿಲಿ". ಬೆಳಗ್ಗೆ ಎರಡೂ ಮೊಬೈಲ್ ಪಕ್ಕ ಪಕ್ಕ ಇಟ್ಟಾಗ ಭಾವಮೈದುನ ಇನ್ನೊಬ್ಬರ ಫೋನಿಂದ ಫೋಟೋ ತೆಗೆದಿದ್ದ, ಅದೊಂದು ಉಳಿದಿದೆ.

ಫೋನ್ ಮಾಡಿದೆ. ಅವನು ಕೊಟ್ಟ ಉತ್ತರಗಳನ್ನ ಹಾಗೇ ಬರೀತೀನಿ, ಮುಂದೆ ನಿಮಗೂ ಇವೇ ಸಿಗೋದು.

ಮೊದಲು: "ಬ್ಯಾಚ್ ಬೇರೆ, ಸ್ಟ್ರಾಟಜಿ ಬೇರೆ ಸರ್. ಇದನ್ನ ಹೆಡ್ಜಿಂಗ್ ಅಂತಾರೆ." ನಷ್ಟ ತಗ್ಗಿಸೋಕೆ ಒಬ್ಬನೇ ಮನುಷ್ಯ ತನ್ನ ಖಾತೆಯಲ್ಲೇ ಎರಡು ಕಡೆ ಇಟ್ಟರೆ ಹೆಡ್ಜಿಂಗ್. ನನ್ನ ಜೇಬಿಂದ ಒಂದು, ನನ್ನ ಭಾವಮೈದುನನ ಜೇಬಿಂದ ಒಂದು ಹಾಕಿಸಿದರೆ ಯಾವ ಹೆಡ್ಜಿಂಗ್ ರೀ ಅದು? ಹೀಗೆ ಕೇಳಿದೆ. ಆಗ: "ನಿಮ್ಮ ಸೈಕಾಲಜಿ ವೀಕ್ ಇದೆ ಸರ್. ಲಾಸ್ ಆದ ತಕ್ಷಣ ಎಮೋಷನಲ್ ಆಗ್ತೀರಾ. ಟ್ರೇಡರ್ ಆಗೋಕೆ ಇದು ಒಳ್ಳೇದಲ್ಲ." ಮೋಸ ಮಾಡಿದ್ದು ಅವನು, ಮನಸ್ಸು ಸರಿ ಇಲ್ಲದಿರೋದು ನನ್ನದು!

ಫೀಸು ವಾಪಸ್ ಕೊಡಿ ಅಂದೆ. "ಕೋರ್ಸ್ ಫೀಸು ಅಂತ ಎಲ್ಲಿದೆ ಸರ್? ರಸೀದಿ ನೋಡಿ." ನೋಡಿದೆ. "ಇಂಡಿಕೇಟರ್ ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್, ಮರುಪಾವತಿ ಇಲ್ಲ" ಅಂತ ಸಣ್ಣ ಅಕ್ಷರದಲ್ಲಿದೆ. ನೀವು ಸೆಬಿಯಲ್ಲಿ ನೋಂದಾಯಿಸಿಕೊಂಡಿದ್ದೀರಾ ಅಂತ ಕೇಳಿದೆ. "ನಾನು ಎಜುಕೇಟರ್ ಸರ್, ಟಿಪ್ಸ್ ಕೊಡಲ್ಲ, ಲೈವ್ ಪ್ರಾಕ್ಟೀಸ್ ಕೊಡ್ತೀನಿ. ಬೈ ಬಟನ್ ಒತ್ತಿದ್ದು ನೀವು, ನಾನಲ್ಲ." ಆ ಮಾತು ಇನ್ನೂ ಕಿವಿಯಲ್ಲಿದೆ. ಬೈ ಬಟನ್ ಒತ್ತಿದ್ದು ನೀವು. ಬೆಳಗ್ಗೆ ಒಂಬತ್ತೂ ಕಾಲಿಂದ "ಫಾಸ್ಟ್ ಫಾಸ್ಟ್, ಎಂಟ್ರಿ ಮಿಸ್ ಮಾಡ್ಕೋಬೇಡಿ" ಅಂತ ವಾಯ್ಸ್ ಮೆಸೇಜ್ ಹಾಕ್ತಿದ್ದೋನು ಹೇಳೋ ಮಾತಾ ಇದು?

ಮಾರನೇ ದಿನ ಇಬ್ಬರನ್ನೂ ಗ್ರೂಪಿಂದ ತೆಗೆದರು. ಆಫೀಸಿನ ಒಬ್ಬ ಮೇಡಂ ಮಾತ್ರ ಫೋನ್ ಎತ್ತುತ್ತಿದ್ದರು, "ಅಕೌಂಟ್ಸ್‌ನೋರಿಗೆ ಹೇಳಿದ್ದೀವಿ ಸರ್" ಅನ್ನೋರು. ಆಮೇಲೆ ಅದೂ ನಿಂತಿತು. ಕೊನೇ ಮೆಸೇಜ್: ಎಲ್ಲಾದರೂ ಬರೆದರೆ ಮಾನನಷ್ಟ ಕೇಸ್ ಹಾಕ್ತೀವಿ. ಯಾರ ಮಾನ?

ಈಗ ನನಗೆ ಗೊತ್ತಾಗಿರೋದು ಹೇಳ್ತೀನಿ. ಎನ್‌ಐಎಸ್‌ಎಂ ಸರ್ಟಿಫಿಕೇಟ್ ಅಂದರೆ ಪರೀಕ್ಷೆ ಪಾಸಾಗಿದ್ದಾರೆ ಅಂತ ಅಷ್ಟೇ, ಸಲಹೆ ಕೊಡೋಕೆ ಪರವಾನಗಿ ಅಲ್ಲ. ಸಲಹೆ ಕೊಡಬೇಕಾದ್ರೆ ಸೆಬಿ ನೋಂದಣಿ ಬೇಕು. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದರೆ ಐಎನ್‌ಎ ಅಂತ ಶುರುವಾಗೋ ನಂಬರ್ ಇರುತ್ತೆ. ಅದನ್ನ ಸೆಬಿ ವೆಬ್‌ಸೈಟಲ್ಲಿ ನೀವೇ ಹಾಕಿ ಹುಡುಕಿ, ಅವರು ತೋರಿಸೋ ಕಾಗದ ನಂಬಬೇಡಿ. ನೋಂದಣಿ ಇರೋರೂ ಇಷ್ಟು ಲಾಭ ಗ್ಯಾರಂಟಿ ಅನ್ನೋ ಹಾಗಿಲ್ಲ. ಬರೀ ಶಿಕ್ಷಣ ಕೊಡ್ತೀವಿ ಅನ್ನೋರು ಈಚಿನ ಮೂರು ತಿಂಗಳ ಬೆಲೆ ಇಟ್ಕೊಂಡು ತಗೊಳ್ಳಿ, ಮಾರಿ ಅಂತ ಹೇಳೋ ಹಾಗಿಲ್ಲ ಅಂತ 2025ರ ಜನವರಿಯಲ್ಲೇ ಸೆಬಿ ಸುತ್ತೋಲೆ ಬಂದಿದೆ. ಇದು ಆಗ ಗೊತ್ತಿದ್ದಿದ್ರೆ ಹಾಲಲ್ಲೇ ಕೇಳ್ತಿದ್ದೆ.

ಸೆಬಿಯ ಸ್ಕೋರ್ಸ್ ಪೋರ್ಟಲ್ ಇರೋದು ನೋಂದಾಯಿತ ಸಂಸ್ಥೆಗಳ, ಲಿಸ್ಟೆಡ್ ಕಂಪನಿಗಳ ಮೇಲಿನ ದೂರಿಗೆ. ಇಂಥ ನೋಂದಣಿ ಇಲ್ಲದವರ ಕೈಯಲ್ಲಿ ಸಿಕ್ಕಿಕೊಂಡ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಗ್ರೂಪಿಂದ ತೆಗೆದುಹಾಕೋ ಮುಂಚೆಯೇ ಮೆಸೇಜ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ನಾನಂತೂ ಬ್ರೋಕರ್‌ಗೆ ಹೇಳಿ ಎಫ್ ಅಂಡ್ ಓ ಸೆಗ್ಮೆಂಟೇ ಆಫ್ ಮಾಡಿಸಿದೆ. ಹೊಸಬರಿಗೆ ನನ್ನ ಸಲಹೆ ಕೇಳಿದರೆ ಅದನ್ನ ಆನ್ ಮಾಡಿಸಲೇಬೇಡಿ. ಕಲೀಬೇಕು ಅಂತಿದ್ರೆ ಎನ್‌ಎಸ್‌ಇ (ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ), ಸೆಬಿ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಇದೆ, 25,000 ಕೊಡಬೇಕಾಗಿಲ್ಲ.

ಈಗ ಹಾವೇರಿ ಕಡೆ ಅವನ ಹೊಸ 99 ರೂಪಾಯಿ ಪೋಸ್ಟರ್ ಓಡಾಡ್ತಿದೆ. ಯಾರಾದ್ರೂ ಹೋಗೋರಿದ್ರೆ ಹಾಲಲ್ಲಿ ಎಲ್ಲರ ಮುಂದೆ ಮೂರು ಕೇಳಿ. ನಿಮ್ಮ ಸೆಬಿ ನೋಂದಣಿ ನಂಬರ್ ಏನು? ನಿಮಗೆ ಎಷ್ಟು ಗ್ರೂಪ್ ಇದೆ, ಎಲ್ಲ ಗ್ರೂಪಿಗೂ ಒಂದೇ ಕಾಲ್ ಕಳಿಸ್ತೀರಾ? ನಿಮ್ಮ ಲಿಂಕಿಂದ ಖಾತೆ ತೆಗೆದರೆ ಬ್ರೋಕರೇಜ್‌ನಲ್ಲಿ ನಿಮಗೆ ಎಷ್ಟು ಪಾಲು? ಇದೇ ರೀತಿ ಎರಡು ಬಗೆ ಮೆಸೇಜ್ ಬಂದಿರೋರು ಬೇರೆ ಬ್ಯಾಚ್‌ಗಳಲ್ಲಿ ಇದ್ದರೆ ನನ್ನ ಇನ್‌ಬಾಕ್ಸ್‌ಗೆ ಬನ್ನಿ, ಟ್ರೇಡ್‌ಬುಕ್ ಡೌನ್‌ಲೋಡ್ ಮಾಡಿ ತನ್ನಿ. ದೂರಿಗೆ ಸದ್ಯ ನಾವಿಬ್ಬರೇ ಇದ್ದೀವಿ.