ಮಧ್ಯಾಹ್ನದ ಬಿಸಿಲಿನಲ್ಲಿ ದುರ್ಬೀನು ಕೊಳ್ಳಬೇಡಿ

ಗುಡ್ಡ ಹತ್ತುವವರು, ಕೆರೆ ದಂಡೆಯಲ್ಲಿ ಹಕ್ಕಿ ನೋಡುವವರು ದಯವಿಟ್ಟು ಇದನ್ನು ಓದಿ. ಹಗುರವಾಗಿದೆ ಅನ್ನೋ ಒಂದೇ ಕಾರಣಕ್ಕೆ ನಾನೊಂದು ದುರ್ಬೀನು ತಗೊಂಡೆ. 2,800 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ಕಾಕಾಗೆ ತೋರಿಸಬೇಕು ಅಂದುಕೊಂಡಿದ್ದ ಒಂದು ನಸುಕು ಕೈತಪ್ಪಿ ಹೋಗಿದ್ದು.

ಕಾಕಾಗೆ ಈಗ 66 ವರ್ಷ. ಗದಗ ಜಿಲ್ಲೆಯ ಡೋಣಿ ಕಡೆ, ಕಪ್ಪತಗುಡ್ಡದ ಬುಡದಲ್ಲಿ ಅವರ ಹೊಲ ಇದೆ. ಹುಡುಗನಾಗಿದ್ದಾಗ ಅದೇ ಗುಡ್ಡದಲ್ಲಿ ಕುರಿ ಕಾದವರು. ತೋಳ ಎಲ್ಲಿ ಇಳಿಯುತ್ತದೆ, ಯಾವ ಹಳ್ಳ ದಾಟುತ್ತದೆ, ಎಲ್ಲ ಅವರಿಗೆ ಗೊತ್ತು. ಆದರೆ ಕುರಿ ಕಾಯುವವನಿಗೆ ತೋಳ ಅಂದರೆ ಓಡಿಸುವ ಪ್ರಾಣಿ. ನಿಂತು ನೋಡಲು ಆಗ ಪುರುಸೊತ್ತು ಎಲ್ಲಿತ್ತು? "ಒಂದ್ಸಲ ಅದರ ಮಾರಿ ಸಮಾಧಾನದಿಂದ ನೋಡಬೇಕೋ ತಮ್ಮಾ" ಅನ್ನುತ್ತಿದ್ದರು. ಅದಕ್ಕೇ ದುರ್ಬೀನು ಹುಡುಕಿಕೊಂಡು ಹೊರಟೆ.

ಹುಬ್ಬಳ್ಳಿಯ ಒಂದು ಅಂಗಡಿ. ಹೆಸರು ಬೇಡ. ಅಂಗಡಿಯವರು ಎರಡು ತೆಗೆದಿಟ್ಟರು. ಒಂದು 8×42, ಕೈಯಲ್ಲಿ ಹಿಡಿದರೆ ಮುಕ್ಕಾಲು ಕೆಜಿ ಹತ್ತಿರ ಅನ್ನಿಸಿತು. ಇನ್ನೊಂದು ಮಡಚಿದರೆ ಅಂಗೈಯಲ್ಲಿ ಕೂರುವ ಪುಟ್ಟದು. ಡಬ್ಬದ ಮೇಲೆ 30×60 ಅಂತ ದೊಡ್ಡದಾಗಿ ಅಚ್ಚಾಗಿತ್ತು. ಕೆಳಗೆ "ಡೇ ಅಂಡ್ ನೈಟ್ ವಿಷನ್". ಪಕ್ಕದಲ್ಲಿ ಹಿಮದ ಬೆಟ್ಟದ ಮೇಲೆ ಬಂದೂಕು ಹಿಡಿದ ಬೇಟೆಗಾರನ ಚಿತ್ರ. "ದೊಡ್ಡದು ಬರೀ ಎಂಟು ಪಟ್ಟು ತೋರಸ್ತೇತಿ ಸರ್, ಇದು ಮೂವತ್ತು. ಗುಡ್ಡಾ ಹತ್ತೋರು ಭಾರ ಯಾಕ ಹೊರತೀರಿ?" ಅಂದರು. ಮಾತು ಸರಿ ಅನ್ನಿಸಿತು. ಮಧ್ಯಾಹ್ನ ಎರಡು ಗಂಟೆ. ಅಂಗಡಿ ಬಾಗಿಲಲ್ಲಿ ನಿಂತು ಎದುರಿನ ಹೋರ್ಡಿಂಗ್ ನೋಡಿದೆ. ಅಕ್ಷರ ಸ್ಪಷ್ಟವಾಗಿ ಕಂಡಿತು. ದುಡ್ಡು ಕೊಟ್ಟು ಬಂದೆ.

ಆ ಚಿತ್ರದ ಬಗ್ಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಬೆಟ್ಟ ಹತ್ತುವವರು ಬಂದೂಕಿನ ಸ್ಕೋಪಿನ (ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನ) ತೂಕವನ್ನು ಗ್ರಾಂ ಲೆಕ್ಕದಲ್ಲಿ ನೋಡುವುದು ನಿಜ. ಆದರೆ ತೂಕ ಇಳಿಸಲು ಅವರು ಆರಿಸಿಕೊಳ್ಳುವುದು ಕಡಿಮೆ ಪಟ್ಟಿನ ಸ್ಕೋಪನ್ನು. ಮೂವತ್ತು ಪಟ್ಟಿನದನ್ನಲ್ಲ. 3ರಿಂದ 9 ಪಟ್ಟಿನ ಸ್ಕೋಪಾದರೆ ಬೆಳಕು ಇಳಿದಾಗ ಅದನ್ನು 5ಕ್ಕೋ 6ಕ್ಕೋ ತಿರುಗಿಸಿಕೊಳ್ಳುತ್ತಾರೆ. ಆಗ ಚಿತ್ರ ಬೆಳಗುತ್ತದೆ. ನಮ್ಮ ಮಾಮೂಲಿ ದುರ್ಬೀನಿನಲ್ಲಿ ಹಾಗೆ ತಿರುಗಿಸಲು ಬರುವುದಿಲ್ಲ. ಕೊಂಡ ದಿನ ಆರಿಸಿದ ಸಂಖ್ಯೆಯೇ ಕೊನೆತನಕ.

ಡಿಸೆಂಬರ್ ತಿಂಗಳು. ನಸುಕಿನ ಆರು ಗಂಟೆಗೆ ಕಾಕಾ, ನಾನು ಹೊಲದ ಬದುವಿನ ಮೇಲೆ ಕುಳಿತಿದ್ದೆವು. ಕಪ್ಪತಗುಡ್ಡ ವನ್ಯಜೀವಿಧಾಮ, ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ನಾವು ಹೊರಗೇ ಇದ್ದೆವು. ಗಾಳಿ ಜೋರಾಗಿತ್ತು. ಆರೂಕಾಲಕ್ಕೆ ಕಾಕಾ ನನ್ನ ಮೊಣಕೈ ಹಿಡಿದರು. "ಬನ್ನಿಗಿಡದ ಎಡಕ್ಕ ನೋಡು." ಹಳ್ಳದ ಏರಿಯ ಮೇಲೆ ಬೂದು ಬಣ್ಣದ್ದೊಂದು ನಿಧಾನ ಸರಿಯುತ್ತಿತ್ತು. ಬರಿಗಣ್ಣಿಗೇ ಕಾಣುತ್ತಿತ್ತು. ದುರ್ಬೀನನ್ನು ಅವರ ಕೈಗೆ ಕೊಟ್ಟೆ.

ಚಸ್ಮಾದ ಮೇಲೆ ಇಟ್ಟರು. ಸುತ್ತಲೂ ಕರಿ ಉಂಗುರ, ಒಳಗೆ ಚೂರು ಬೆಳಕು. ಚಸ್ಮಾ ತೆಗೆದರು. ಫೋಕಸ್ ಗಾಲಿ ತಿರುಗಿಸಿದರು, ಅದು ಬಿಗಿ. ಎರಡೂ ಕಣ್ಣಿನ ಚಿತ್ರ ಒಂದಾಗಲಿಲ್ಲ. ಒಂದು ಮೇಲೆ, ಇನ್ನೊಂದು ಕೆಳಗೆ. "ಏನೂ ಕಾಣವಲ್ದಲ್ಲೋ. ಬರೇ ಕತ್ತಲಿ ಐತಿ" ಅಂದರು. ನಾನು ಇಸಿದುಕೊಂಡು ನೋಡಿದೆ. ಕಾಫಿ ಗಸಿಯಂಥ ಮಸುಕು, ಅಷ್ಟೇ. ದುರ್ಬೀನು ಇಳಿಸುವಷ್ಟರಲ್ಲಿ ಏರಿ ಖಾಲಿಯಾಗಿತ್ತು. ಕಾಕಾ ಕಣ್ಣು ಉಜ್ಜಿಕೊಳ್ಳುತ್ತಾ "ಬರಿಗಣ್ಣಿಗೇ ಚಂದ ಕಾಣತಿತ್ತು" ಅಂದರು. ಮನೆಗೆ ಬಂದ ಮೇಲೂ ಅವರಿಗೆ ತಲೆನೋವು ಬಿಡಲಿಲ್ಲ.

ಅವತ್ತು ರಾತ್ರಿ ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತೆಗೆದು ಕೂತೆ. ದುರ್ಬೀನಿನ ಮೇಲಿನ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ಅಂತ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಗಾಜು ಆರು ಸೆಂಟಿಮೀಟರ್ ಇರಬೇಕಲ್ವಾ? ನನ್ನದರಲ್ಲಿ ಇದ್ದಿದ್ದು 22 ಮಿಲಿಮೀಟರ್. ಹೆಚ್ಚು ಕಡಿಮೆ ಒಂದು ರೂಪಾಯಿ ನಾಣ್ಯದಷ್ಟು!

ಆಮೇಲೆ ಟ್ಯೂಬ್‌ಲೈಟ್ ಕಡೆ ಹಿಡಿದು, ಕೈ ಚಾಚಿ, ಕಣ್ಣಿಡುವ ಗಾಜನ್ನು ದೂರದಿಂದ ನೋಡಿದೆ. ಅಲ್ಲಿ ಬೆಳಕಿನ ಪುಟ್ಟ ಬಿಲ್ಲೆ ಕಾಣುತ್ತದೆ. ಅದರ ಅಗಲ ಮೂರು ಮಿಲಿಮೀಟರಿಗೆ ತುಸು ಕಡಿಮೆ. ಮುಂದಿನ ಗಾಜಿನ ಅಗಲವನ್ನು, ಅಂದರೆ 22ನ್ನು, ಅದರಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಗೊತ್ತಾಗುತ್ತದೆ: ಎಂಟರ ಆಸುಪಾಸು ಬಂತು. ಅಂದರೆ ನಾನು ಕೊಂಡಿದ್ದು 30×60 ಅಲ್ಲ, 8×22. ಅಂಗಡಿಯಲ್ಲಿ "ಬರೀ ಎಂಟು ಪಟ್ಟು" ಅಂತ ಪಕ್ಕಕ್ಕಿಟ್ಟ ದೊಡ್ಡದೂ ಎಂಟೇ ಪಟ್ಟು. ನನ್ನ ಡಬ್ಬದ ಮೇಲಿನ ಎರಡೂ ಸಂಖ್ಯೆ ಸುಳ್ಳು. ಇದು ನನಗೊಬ್ಬನಿಗೆ ಸಿಕ್ಕ ಡಬ್ಬ ಅಲ್ಲ. ಇದೇ ರೀತಿ 30×60 ಅಂತ ಬರೆದ ಪುಟಾಣಿ ದುರ್ಬೀನುಗಳು ಬೇರೆ ಬೇರೆ ಹೆಸರಿನಲ್ಲಿ ಎಲ್ಲ ಕಡೆ ಸಿಗುತ್ತವೆ.

ಹಾಗಾದರೆ ಅಂಗಡಿ ಬಾಗಿಲಲ್ಲಿ ಚೆನ್ನಾಗಿ ಕಂಡಿದ್ದು ಹೇಗೆ? ನಾನು ಮೋಸ ಹೋಗಿದ್ದು ಇಲ್ಲೇ. ಸುಡುಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ದುರ್ಬೀನಿನಿಂದ ಬರುವ ಬೆಳಕಿನ ಬಿಲ್ಲೆಯೂ ಅಷ್ಟೇ ಇದ್ದರೆ ಯಾವ ಕೊರತೆಯೂ ಕಾಣುವುದಿಲ್ಲ. ಅದೇ ನಸುಕಿನಲ್ಲಿ ಪಾಪೆ ಅರಳುತ್ತದೆ. ಎಳೆಯರಲ್ಲಿ ಏಳು ಮಿಲಿಮೀಟರ್ ತನಕ, ಕಾಕಾ ವಯಸ್ಸಿನವರಲ್ಲಿ ಐದರ ಹತ್ತಿರ. ಅಷ್ಟು ದೊಡ್ಡ ಬಾಗಿಲು ತೆರೆದು ಕಣ್ಣು ಕಾಯುತ್ತಿರುತ್ತದೆ, ದುರ್ಬೀನು ಕೊಡುವುದು ಸಣ್ಣ ಕಿಂಡಿಯಷ್ಟು ಬೆಳಕು. 8×42ರಲ್ಲಿ ಆ ಬಿಲ್ಲೆ ಐದು ಮಿಲಿಮೀಟರಿಗಿಂತ ತುಸು ದೊಡ್ಡದು. ಅದರ ಗಾಜು ನನ್ನ 22ರ ಗಾಜಿಗಿಂತ ಮೂರೂವರೆ ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ. ತೋಳ, ಕತ್ತೆಕಿರುಬ ಓಡಾಡುವುದೇ ಬೆಳಕು ಕಡಿಮೆ ಇರುವ ಹೊತ್ತಿನಲ್ಲಿ. ನಮಗೆ ಬೇಕಾದ ಹೊತ್ತಿಗೇ ಈ ಸಾಮಾನು ಕೈಕೊಡುತ್ತದೆ.

ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಚೆಂದ ಅಂದುಕೊಂಡಿದ್ದೆ. ಕೆಂಪು ಹೊಳೆಯುತ್ತದೆ ಅಂದರೆ ಕೆಂಪು ಬೆಳಕನ್ನು ಒಳಗೆ ಬಿಡದೆ ಹೊರಗೆ ಎಸೆಯುತ್ತಿದೆ ಅಂತಲೇ ಅರ್ಥ. ಒಳ್ಳೆಯ ಗಾಜಿನೊಳಗೆ ಇಣುಕಿದರೆ ಬಾವಿಯೊಳಗೆ ಇಣುಕಿದಂತೆ ಕಪ್ಪಗಿರುತ್ತದೆ. ತುಸು ಹಸಿರೋ ನೇರಳೆಯೋ ಮಿನುಗುತ್ತದೆ, ಅಷ್ಟೇ.

ಆದರೂ ಹಗಲಿಗಾದರೂ ಬರಲಿ ಅಂತ ಮಾಗಡಿ ಕೆರೆಗೆ ಒಯ್ದೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಸೇರಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಬೆಳಗಿನ ತಂಪಿಗೆ ಗಾಜಿನ ಒಳಗೇ ಮಂಜು ಕಟ್ಟಿತು. ಹೊರಗೆ ಎಷ್ಟು ಒರೆಸಿದರೇನು? ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದಾದರೆ ಒಳಗೆ ಹೀಗೆ ಮಂಜು ಕಟ್ಟುವುದಿಲ್ಲ.

ವಾಪಸ್ ಕೊಡಲು ಹೋದೆ. "ಬಳಸಿದ್ದು ತಗೊಳ್ಳಲ್ಲ" ಅಂದರು. ನನ್ನ ಹತ್ತಿರ ಇದ್ದಿದ್ದು ಬರೀ ಒಂದು ಚೀಟಿ. ಮಾಡೆಲ್ ಹೆಸರಿಲ್ಲ, ಸೀಲ್ ಇಲ್ಲ. ಡಬ್ಬದ ಮೇಲಿನ ಸುಳ್ಳನ್ನು ಹಿಡಿದು ಕೇಳಲು ಪಕ್ಕಾ ಬಿಲ್ ಬೇಕು. ಬಿಲ್ಲಿನಲ್ಲಿ 30×60 ಅಂತ ಬರೆಸಿಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಗಟ್ಟಿಯಾಗಿ ದೂರು ಹೇಳಬಹುದಿತ್ತು. ಡಬ್ಬವನ್ನೂ ಎಸೆಯಬೇಡಿ.

ಕೊಳ್ಳುವವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಹೋಗಿ. ರಸ್ತೆ ಕಡೆ ನೋಡಬೇಡಿ, ಅಲ್ಲಿ ಲೈಟ್ ಇರುತ್ತದೆ. ಕತ್ತಲಾದ ಸಂದಿ, ಗಿಡದ ಬುಡ ನೋಡಿ. ಬರಿಗಣ್ಣಿಗಿಂತ ಜಾಸ್ತಿ ವಿವರ ಕಾಣಬೇಕು. ಕರೆಂಟ್ ತಂತಿ ನೋಡಿ, ಎರಡಾಗಿ ಕಂಡರೆ ಕೆಳಗಿಡಿ. ಬೆಳಕಿನ ಬಿಲ್ಲೆ ದುಂಡಗಿದೆಯೋ, ಅಂಚು ಕತ್ತರಿಸಿದಂತೆ ಚೌಕ ಆಗಿದೆಯೋ ಗಮನಿಸಿ. ಚೌಕ ಇದ್ದರೆ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜು) ಕಡಿಮೆ ದರ್ಜೆಯದು. ಚಸ್ಮಾ ಹಾಕುವವರು ಚಸ್ಮಾ ಹಾಕಿಕೊಂಡೇ ನೋಡಿ. ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಡಬಹುದು ಅನ್ನೋದು, 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕಾಕಾಗೆ ಆದ ಹಾಗೆ ಕರಿ ಉಂಗುರ ಕಾಣುತ್ತದೆ. ಹತ್ತು ಪಟ್ಟಿಗಿಂತ ಮೇಲಿನದು ನಮ್ಮ ಗುಡ್ಡದ ಗಾಳಿಯಲ್ಲಿ ಕೈಯಲ್ಲಿ ನಿಲ್ಲುವುದಿಲ್ಲ. ಯಾವ ದುರ್ಬೀನಿನಿಂದಲೂ ಸೂರ್ಯನನ್ನು ನೋಡಬೇಡಿ, ಮಕ್ಕಳ ಕೈಗೆ ಕೊಡುವಾಗಲಂತೂ ಇದನ್ನು ಹೇಳಿಯೇ ಕೊಡಿ.

ನಿಜವಾಗಿ ಹಗುರ ಬೇಕಿದ್ದರೆ 8×32 ನೋಡಿ. ಸಾಮಾನ್ಯವಾಗಿ ಅರ್ಧ ಕೆಜಿ ಆಸುಪಾಸು ಇರುತ್ತದೆ, ಬಿಲ್ಲೆ ನಾಲ್ಕು ಮಿಲಿಮೀಟರ್. ನಸುಕು, ಮುಸ್ಸಂಜೆಯೇ ಮುಖ್ಯ ಅನ್ನುವವರಿಗೆ 8×42 ಬೇಕು. ಭಾರ ಅನ್ನಿಸಿದರೆ ಕುತ್ತಿಗೆ ಪಟ್ಟಿ ಬಿಟ್ಟು, ಎರಡೂ ಹೆಗಲಿಗೆ ಬರುವ ಪಟ್ಟಿ ಹಾಕಿಕೊಳ್ಳಿ. ಭಾರ ಅರ್ಧ ಮರೆತೇ ಹೋಗುತ್ತದೆ.

ಕಳೆದ ತಿಂಗಳು ಗೆಳೆಯನ 8×42 ಎರವಲು ತಂದು ಮತ್ತೆ ಅದೇ ಬದುವಿನ ಮೇಲೆ ಕೂತೆವು. ತೋಳ ಬರಲಿಲ್ಲ. ಇನ್ನೂ ಬೆಳಕು ಹರಿದಿರಲಿಲ್ಲ. ಕಾಕಾ ಎದುರಿನ ಇಳಿಜಾರಿನ ಕಡೆ ದುರ್ಬೀನು ಹಿಡಿದು ಬಹಳ ಹೊತ್ತು ಸುಮ್ನೆ ಇದ್ದರು. ಆಮೇಲೆ, ಅಲ್ಲಿ ಹಟ್ಟಿಯಿಂದ ಹೊರಬಿದ್ದ ಕುರಿಹಿಂಡಿನಲ್ಲಿ ಒಂದು ಕರಿ ಕುರಿ ಹಿಂದಿನ ಎಡಗಾಲು ಎತ್ತಿ ಎತ್ತಿ ಇಡುತ್ತಿದೆ, ಮುಳ್ಳು ನೆಟ್ಟಿರಬೇಕು, ಕುರಿ ಕಾಯುವವನಿಗೆ ಹೇಳಿಬರೋಣ ನಡಿ ಅಂತ ಎದ್ದರು.