ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್: ಸಣ್ಣ ಕಾರ್ಖಾನೆಯ ಕಚೇರಿಯಿಂದ ಒಂದು ವಿಮರ್ಶೆ

ಪೀಣ್ಯ ಕೈಗಾರಿಕಾ ಪ್ರದೇಶದ ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಟ್ಯಾಲಿ ಲೆಕ್ಕ, ಡ್ರಾಯಿಂಗ್ ಫೈಲುಗಳು, ಹಾಜರಾತಿ ತಂತ್ರಾಂಶ ಎಲ್ಲವೂ ಒಂದೇ ಸರ್ವರಿನೊಳಗೆ ಬೇರೆ ಬೇರೆ ವರ್ಚುವಲ್ ಮೆಷೀನ್‌ಗಳಾಗಿ (ತಂತ್ರಾಂಶದಿಂದಲೇ ರೂಪಿಸಿದ ಪ್ರತ್ಯೇಕ ಕಂಪ್ಯೂಟರುಗಳಾಗಿ) ನಡೆಯುತ್ತಿರುತ್ತವೆ. ಆ ಸರ್ವರ್ ಕೈಕೊಟ್ಟರೆ ಇನ್‌ವಾಯ್ಸ್ ಹಾಕುವುದೂ ನಿಂತುಹೋಗುತ್ತದೆ. ನಾನು ನೋಡಿಕೊಳ್ಳುವ ಅಂಥದೊಂದು ಕಚೇರಿಯಲ್ಲಿ ಈ ಮೆಷೀನ್‌ಗಳ ಪ್ರತಿ ತೆಗೆದಿಡಲು ಬಳಸುತ್ತಿರುವುದು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್. ವಿಯೆನ್ನಾದ ಕಂಪನಿಯೊಂದು 2020ರ ನವೆಂಬರ್‌ನಲ್ಲಿ ಇದರ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದಿತು. ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡದೆಯೂ ಎಲ್ಲ ಸೌಲಭ್ಯಗಳು ಸಿಗುತ್ತವೆ. ಚಂದಾ ಕಟ್ಟುವುದು ಬೆಂಬಲಕ್ಕೆ ಮತ್ತು ಹೆಚ್ಚು ಪರೀಕ್ಷೆಗೊಳಗಾದ ಅಪ್‌ಡೇಟ್‌ಗಳಿಗೆ. (ಚಂದಾ ಇಲ್ಲವೆಂದು ಲಾಗಿನ್ ಆದಾಗಲೆಲ್ಲ ನೆನಪಿಸುವ ಕಿಟಕಿಯನ್ನು ಸಹಿಸಿಕೊಳ್ಳಬೇಕು, ಅಷ್ಟೆ.)

ಇದು ಡಿಸ್ಕನ್ನು 4 ಎಂಐಬಿ ಗಾತ್ರದ ತುಂಡುಗಳನ್ನಾಗಿ ನೋಡುತ್ತದೆ, ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಹ್ಯಾಶ್ (ಅದರ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕುತ್ತದೆ, ಮತ್ತು ಒಂದೇ ಹ್ಯಾಶ್ ಇರುವ ತುಂಡನ್ನು ಎರಡನೆಯ ಬಾರಿ ಸಂಗ್ರಹಿಸುವುದಿಲ್ಲ. ಹೀಗಾಗಿ ಒಂದೇ ಟೆಂಪ್ಲೇಟಿನಿಂದ ತಯಾರಾದ ಮೂರು ವಿಂಡೋಸ್ ಮೆಷೀನ್‌ಗಳು ಮೂರು ಪಟ್ಟು ಜಾಗ ತಿನ್ನುವುದಿಲ್ಲ. ಮೆಷೀನ್ ಚಾಲನೆಯಲ್ಲಿರುವಷ್ಟು ಹೊತ್ತು ಯಾವ ಭಾಗ ಬದಲಾಗಿದೆ ಎಂಬುದರ ನಕ್ಷೆಯೂ ಮೆಮೊರಿಯಲ್ಲಿರುತ್ತದೆ. ರಾತ್ರಿಯ ಬ್ಯಾಕಪ್ ಅಷ್ಟನ್ನೇ ಓದಿ ಮುಗಿಸುತ್ತದೆ. ಆದರೆ ಕರೆಂಟು ಹೋಗಿ, ಯುಪಿಎಸ್ಸೂ ಸೋತು ಸರ್ವರ್ ಆರಿದರೆ ಈ ನಕ್ಷೆ ಅಳಿಸಿಹೋಗುತ್ತದೆ. ಮುಂದಿನ ಬ್ಯಾಕಪ್ ಇಡೀ ಡಿಸ್ಕನ್ನು ಓದಬೇಕಾಗಿ ಬಂದು ನಿಧಾನವಾಗುತ್ತದೆ, ಆಗಲೂ ನೆಟ್‌ವರ್ಕ್ ಮೇಲೆ ಹೋಗುವುದು ಹೊಸ ತುಂಡುಗಳು ಮಾತ್ರ.

ನನಗೆ ಇದು ಹಿಡಿಸಿರುವುದು ಮುಖ್ಯವಾಗಿ ಮರಳಿ ಪಡೆಯುವ ಕೆಲಸದಲ್ಲಿ. ಲೆಕ್ಕದ ವಿಭಾಗದವರು "ಸರ್, ಶುಕ್ರವಾರದ ಟ್ಯಾಲಿ ಡೇಟಾ ಫೋಲ್ಡರ್ ಒಂದೇ ಸಾಕು" ಎಂದರೆ, ಇಡೀ ಮೆಷೀನನ್ನು ಹಿಂದಕ್ಕೆ ಒಯ್ಯಬೇಕಿಲ್ಲ. ಬ್ರೌಸರಿನಲ್ಲಿ ಆ ದಿನದ ಬ್ಯಾಕಪ್ ಆರಿಸಿ 'ಫೈಲ್ ರೀಸ್ಟೋರ್' ಒತ್ತಿದರೆ, ಹಿನ್ನೆಲೆಯಲ್ಲಿ ಪುಟ್ಟದೊಂದು ವರ್ಚುವಲ್ ಮೆಷೀನ್ ಎದ್ದು ಡಿಸ್ಕಿನ ಚಿತ್ರವನ್ನು ತೆರೆಯುತ್ತದೆ. ಪಾರ್ಟಿಷನ್, ಫೋಲ್ಡರ್ ಎಂದು ಒಳಗಿಳಿದು ಬೇಕಾದ್ದನ್ನು ಜಿಪ್ ಆಗಿ ಇಳಿಸಿಕೊಳ್ಳಬಹುದು. ಇಡೀ ಮೆಷೀನೇ ಬೇಕಾದಾಗ 'ಲೈವ್ ರೀಸ್ಟೋರ್' ಇದೆ: ಡೇಟಾ ಪೂರ್ತಿ ಬರುವ ಮೊದಲೇ ಮೆಷೀನ್ ಚಾಲೂ ಆಗಿ, ಬೇಕಾದ ಭಾಗಗಳನ್ನು ಮೊದಲು ತರಿಸಿಕೊಳ್ಳುತ್ತದೆ. ಅದು ನಡುವೆ ವಿಫಲವಾದರೆ ಅಲ್ಲಿಯವರೆಗೆ ಬರೆದ ಹೊಸ ಡೇಟಾ ಹೋಗುತ್ತದೆ. ಆದ್ದರಿಂದ ಬಿಲ್ಲಿಂಗ್ ನಡೆಯುವ ಹೊತ್ತಿನಲ್ಲಿ ನಾನು ಅದಕ್ಕೆ ಕೈಹಾಕಲಾರೆ.

ಕೊರತೆಗಳೂ ಸಣ್ಣವಲ್ಲ. ಲಕ್ಷಾಂತರ ಪುಟ್ಟ ಫೈಲುಗಳಾಗಿ ಕೂತಿರುವ ತುಂಡುಗಳನ್ನು ತಾಳೆ ನೋಡುವಾಗ, ಎಸ್.ಪಿ. ರಸ್ತೆಯಲ್ಲಿ ಅಗ್ಗವಾಗಿ ಸಿಗುವ ದೊಡ್ಡ ಹಾರ್ಡ್‌ಡಿಸ್ಕುಗಳು ಏದುಸಿರು ಬಿಡುತ್ತವೆ. ಸಾಧ್ಯವಿದ್ದರೆ ಎಸ್‌ಎಸ್‌ಡಿಯನ್ನೇ ಹಾಕಬೇಕು. ಬ್ಯಾಕಪ್ ಸರ್ವರ್ ನಿಧಾನವಾಗಿದ್ದರೆ ಅದರ ಬಿಸಿ ಚಾಲನೆಯಲ್ಲಿರುವ ಮೆಷೀನಿಗೂ ತಟ್ಟುತ್ತದೆ, ಏಕೆಂದರೆ ಬ್ಯಾಕಪ್ ಆಗದ ಭಾಗದ ಮೇಲೆ ಬರೆಯುವ ಮೊದಲು ಹಳೆಯದನ್ನು ಕಳುಹಿಸಿಯೇ ತೀರಬೇಕು. ವರ್ಚುವಲ್ ಮೆಷೀನ್‌ಗಳನ್ನು ನಡೆಸುವ, ಅದೇ ಕಂಪನಿಯ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್ ವಿಇಯ 8.2 ಆವೃತ್ತಿಯಲ್ಲಿ 2024ರಲ್ಲಿ ಬಂದ 'ಫ್ಲೀಸಿಂಗ್' ಸೌಲಭ್ಯ ಈ ಕಾಯುವಿಕೆಯನ್ನು ತಗ್ಗಿಸುತ್ತದೆ. ಹಳೆಯ ಬ್ಯಾಕಪ್‌ಗಳನ್ನು ಅಳಿಸಿದ ಕೂಡಲೇ ಜಾಗ ಖಾಲಿಯಾಗುತ್ತದೆಂಬ ನಿರೀಕ್ಷೆಯೂ ಬೇಡ. ಜಾಗ ಬಿಡುವುದು ಬೇಡವಾದ ತುಂಡುಗಳನ್ನು ಗುಡಿಸುವ 'ಗಾರ್ಬೇಜ್ ಕಲೆಕ್ಷನ್' ನಡೆದಾಗ, ಅದೂ ಸಾಮಾನ್ಯವಾಗಿ ಕೊನೆಯ ಬಳಕೆಯಿಂದ 24 ಗಂಟೆ 5 ನಿಮಿಷಗಳ ಅವಧಿ ದಾಟಿದ ತುಂಡುಗಳದ್ದು ಮಾತ್ರ. ಡಿಸ್ಕ್ ತುಂಬಿದ ಮೇಲೆ ಎಚ್ಚೆತ್ತುಕೊಳ್ಳುವ ಕಚೇರಿಗೆ ಈ ಒಂದು ದಿನ ಬಲು ಉದ್ದವೆನಿಸುತ್ತದೆ.

ಎರಡನೆಯ ಪ್ರತಿ ಬೆಂಗಳೂರಿನ ಹೊರಗಿರಲೆಂದು ಮೈಸೂರಿನ ಶಾಖೆಯಲ್ಲಿ ಇನ್ನೊಂದು ಯಂತ್ರವನ್ನು ಇಟ್ಟಿದ್ದೇವೆ. ಅದು ತಾನೇ ಇಲ್ಲಿಂದ ಎಳೆದುಕೊಳ್ಳುತ್ತದೆಯೇ ಹೊರತು ಇಲ್ಲಿನ ಸರ್ವರಿಗೆ ಅದರ ಪಾಸ್‌ವರ್ಡ್ ಗೊತ್ತಿಲ್ಲ. ರ‍್ಯಾನ್ಸಮ್‌ವೇರ್ (ಡೇಟಾವನ್ನು ಒತ್ತೆಯಿಟ್ಟು ಹಣ ಕೇಳುವ ದುಷ್ಟ ತಂತ್ರಾಂಶ) ಇಲ್ಲಿಯದನ್ನು ಹಾಳುಮಾಡಿದರೂ ಅಲ್ಲಿಯದನ್ನು ಅಳಿಸಲು ದಾರಿ ಇರಬಾರದೆಂಬುದು ಲೆಕ್ಕ. ಎನ್‌ಕ್ರಿಪ್ಷನ್ ಬಳಸುವವರು ಕೀಲಿಯನ್ನು ಕಾಗದದ ಮೇಲೆ ಕ್ಯೂಆರ್ ಕೋಡ್ ಸಮೇತ ಮುದ್ರಿಸಿಕೊಳ್ಳಬಹುದು. ಕೀಲಿ ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ, ಆದ್ದರಿಂದ ಆ ಕಾಗದ ಮಾಲೀಕರ ಬೀರುವಿನಲ್ಲಿ ಇರತಕ್ಕದ್ದು.

ಈಗಾಗಲೇ ಪ್ರಾಕ್ಸ್‌ಮಾಕ್ಸ್ ವಿಇ ಬಳಸುತ್ತಿರುವವರು, ಬೇರೊಂದು ಯಂತ್ರಕ್ಕೆ ಮತ್ತು ಒಳ್ಳೆಯ ಎಸ್‌ಎಸ್‌ಡಿಗೆ ಹಣ ತೆಗೆದಿಡಬಲ್ಲವರು ಹಿಂದೆಮುಂದೆ ನೋಡದೆ ಇದನ್ನು ಹಾಕಿಕೊಳ್ಳಬಹುದು. ವರ್ಚುವಲ್ ಮೆಷೀನ್‌ಗಳಿಗೆ ಮತ್ತೊಂದು ಕಂಪನಿಯ ವಿಎಂವೇರ್ ಬಳಸುವವರಿಗೆ ಇದು ನೇರವಾಗಿ ಒದಗುವುದಿಲ್ಲ. ಅವರು ಬೇರೆ ಉತ್ಪನ್ನ ನೋಡಿಕೊಳ್ಳುವುದು ಒಳಿತು.